ಕಣ್ಣು ಕೊಟ್ಟ ಅಣ್ಣ: ಡಾ. ಎಂ. ಸಿ. ಮೋದಿ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಹೊರತರುತ್ತಿರುವ ಸಂಚಿಕೆಗೆ ನಾಡಿನ ಹಿರಿಯರೊಬ್ಬರ ಜೀವನ ಕುರಿತು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮೇಷ್ಟ್ರು ಫೋನ್ ಮಾಡಿ ಕೇಳಿದರು. ಕವಿಗಳು, ದಿವಾನರು, ಸ್ವಾತಂತ್ರ್ಯ ಹೋರಾಟಗಾರರು ಅಷ್ಟು ಹೊತ್ತಿಗೆ ಬೇರೆಯವರ ಪಾಲಿಗೆ ಹಂಚಿಹೋಗಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ. ನನ್ನ ಮನಸ್ಸಿನಲ್ಲಿ ಮೊದಲೇ ಒಂದು ಹೆಸರಿತ್ತು. ಅದು ಕಣ್ಣಿನ ವೈದ್ಯರಾಗಿದ್ದ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿಯವರದು. ಈಗಿನ ಮಕ್ಕಳು ಹೆಸರು ಕೇಳಿ ಬೇರೆಯವರನ್ನು ನೆನೆಯಬಹುದು. ಆದರೆ ನೆಲಮಂಗಲದ ಕಡೆಯ ಹಳ್ಳಿಗಳಲ್ಲಿ ಅರವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ, ಮೋದಿ ಡಾಕ್ಟರು ಎಂದೊಡನೆ ಅವರ ಕೈ ತಾನಾಗಿ ಕಣ್ಣಿನ ಕಡೆಗೆ ಹೋಗುತ್ತದೆ.

ಅವರ ಬಗ್ಗೆಯೇ ಬರೆಯಲು ನನಗೆ ಎರಡು ಕಾರಣಗಳಿವೆ. ಒಂದು ನನ್ನ ಅಜ್ಜಿ. ಇನ್ನೊಂದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೋದಿಯವರು ಹುಟ್ಟಿದ್ದು 1916ರ ಅಕ್ಟೋಬರ್ 4ರಂದು, ಬೀಳಗಿಯಲ್ಲಿ. ಆಗ ಅದು ವಿಜಾಪುರ ಜಿಲ್ಲೆಗೆ, ಅಂದರೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಊರು. ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಬಿಸಿಲು, ಧೂಳು, ಬರ ಆ ಸೀಮೆಗೆ ಹೊಸದಲ್ಲ. ಅಂಥ ಕಡೆ ಹುಟ್ಟಿ ಬೆಳೆದವರಿಗೆ, ಮುಪ್ಪಿಗೆ ಮೊದಲೇ ಕಣ್ಣು ಮಂಜಾಗಿ ಮೂಲೆ ಹಿಡಿದವರು ಕಾಣದ ಮನೆ ಇರಲಿಲ್ಲ. ಮೋದಿಯವರು ವೈದ್ಯರಾಗಿ ಕಣ್ಣಿನ ಚಿಕಿತ್ಸೆಯನ್ನೇ ಆರಿಸಿಕೊಂಡರು. 1942ರಲ್ಲಿ ಗಾಂಧೀಜಿಯವರ ಚಳವಳಿ ದೇಶವನ್ನೆಲ್ಲ ಎಬ್ಬಿಸಿತ್ತು. ಓದಿದ ಎಷ್ಟೋ ಯುವಕರು ಪಟ್ಟಣದ ಕೆಲಸ ಬಿಟ್ಟು ಹಳ್ಳಿಯ ಕಡೆ ಮುಖ ಮಾಡಿದ ಕಾಲ ಅದು. ಮರುವರ್ಷವೇ, 1943ರಲ್ಲಿ, ಮೋದಿಯವರು ಉಚಿತ ಕಣ್ಣಿನ ಶಸ್ತ್ರಚಿಕಿತ್ಸೆಯ ಶಿಬಿರಗಳನ್ನು ಶುರು ಮಾಡಿದರು. ಆಗ ಅವರಿಗೆ ಇಪ್ಪತ್ತಾರು, ಇಪ್ಪತ್ತೇಳು ವಯಸ್ಸು. ಅಲ್ಲಿಂದ ಮುಂದೆ ಐವತ್ತು ವರ್ಷ ಅವರು ಊರಿಂದ ಊರಿಗೆ ತಿರುಗುತ್ತಲೇ ಇದ್ದರು.

ಅವರು ಎದುರಿಸಿದ ಕಷ್ಟ ಎಂಥದ್ದು ಎಂಬುದನ್ನು ಸ್ವಲ್ಪ ವಿವರಿಸಬೇಕು. ಕಣ್ಣಿನ ಪೊರೆ ಎಂದು ನಾವು ಕರೆಯುವುದು ನಿಜವಾಗಿ ಕಣ್ಣಿನ ಮೇಲೆ ಬೆಳೆದ ಪದರವಲ್ಲ. ಕಣ್ಣಿನೊಳಗೆ, ಪಾಪೆಯ ಹಿಂದೆ, ಗಾಜಿನ ಗುಂಡಿನ ಹಾಗೆ ತಿಳಿಯಾಗಿರುವ ಒಂದು ಮಸೂರವಿದೆ. ವಯಸ್ಸಾದಂತೆ ಆ ಮಸೂರವೇ ಮಬ್ಬಾಗುತ್ತದೆ. ಬೆಳಕು ಒಳಗೆ ಹೋಗುವುದಿಲ್ಲ. ಪೊರೆ ಎಂಬ ಮಾತು ಹಾವಿನ ಪೊರೆಯನ್ನು ನೆನಪಿಗೆ ತರುವುದರಿಂದ, ಸೊಪ್ಪಿನ ರಸ ಬಿಟ್ಟರೆ, ಜೇನು ಬಿಟ್ಟರೆ, ನಂದಿಬಟ್ಟಲು ಹೂವಿನ ರಸ ಹಿಂಡಿದರೆ ಅದು ಕಳಚಿ ಬೀಳುತ್ತದೆ ಎಂದು ನಮ್ಮವರು ನಂಬಿದ್ದರು. ಯಾವ ಹನಿಯಿಂದಲೂ ಅದು ಕರಗುವುದಿಲ್ಲ. ಆಗಲೂ ಈಗಲೂ ಅದಕ್ಕೆ ಇರುವುದು ಒಂದೇ ದಾರಿ, ಶಸ್ತ್ರಚಿಕಿತ್ಸೆ.

ಆದರೆ ಕತ್ತಿ ಎಂದರೆ ಭಯ. ಅದೂ ಕಣ್ಣಿಗೆ ಕತ್ತಿ. ಈ ಭಯಕ್ಕೆ ಕಾರಣವೇ ಇರಲಿಲ್ಲ ಎಂದು ಹೇಳಲಾರೆ. ಸುಶ್ರುತನ ಕಾಲದಿಂದ ನಮ್ಮಲ್ಲಿ ಸೂಜಿಯಂಥ ಸಲಕರಣೆಯಿಂದ ಮಬ್ಬಾದ ಮಸೂರವನ್ನು ಪಕ್ಕಕ್ಕೆ ತಳ್ಳುವ ಪದ್ಧತಿಯಿತ್ತು. ಸುಶ್ರುತ ಅದಕ್ಕೆ ನಿಯಮಗಳನ್ನು ಹೇಳಿದ್ದ. ಕಾಲ ಕಳೆದಂತೆ ಆ ವಿದ್ಯೆ ಊರೂರು ಅಲೆಯುವವರ ಕೈಗೆ ಬಂತು. ಅವರು ಸಂತೆಯಲ್ಲಿ ಕೂತು ಸೂಜಿ ಚುಚ್ಚಿ ಹಣ ಪಡೆದು ಮುಂದಿನ ಊರಿಗೆ ಹೋಗಿಬಿಡುತ್ತಿದ್ದರು. ನಾಲ್ಕು ದಿನ ಕಂಡ ಕಣ್ಣು ಕೀವಾಗಿ ಪೂರ್ತಿ ಹೋದದ್ದೂ ಉಂಟು. ಮಸೂರವನ್ನು ತಳ್ಳದೆ ಹೊರತೆಗೆಯುವ ಪದ್ಧತಿಯನ್ನು 1747ರಲ್ಲಿ ಫ್ರಾನ್ಸಿನ ಡೇವಿಯಲ್ ಎಂಬ ವೈದ್ಯ ಮಾಡಿ ತೋರಿಸಿದ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣನ್ನಷ್ಟೇ ಮರಗಟ್ಟಿಸುವ ಔಷಧವನ್ನು ಬಳಕೆಗೆ ತಂದ. ಅಲ್ಲಿಗೆ ನೋವಿನ ಪ್ರಶ್ನೆ ಮುಗಿದಿತ್ತು. ಹಳ್ಳಿಯ ಮನಸ್ಸಿಗೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ.

ನಮ್ಮ ಕಡೆ ಏನೇನು ಹೇಳುತ್ತಿದ್ದರೆಂದು ನನಗೆ ಚೆನ್ನಾಗಿ ನೆನಪಿದೆ. ಡಾಕ್ಟರು ಕಣ್ಣುಗುಡ್ಡೆಯನ್ನೇ ಕಿತ್ತು ತಟ್ಟೆಯಲ್ಲಿಟ್ಟು ತೊಳೆದು ಮತ್ತೆ ಕೂರಿಸುತ್ತಾರೆ ಎನ್ನುತ್ತಿದ್ದರು. ಕೂರದಿದ್ದರೆ ಕಲ್ಲಿನ ಕಣ್ಣು ಹಾಕಿ ಕಳಿಸುತ್ತಾರೆ ಎನ್ನುತ್ತಿದ್ದರು. ಆಸ್ಪತ್ರೆಗೆ ಹೋದ ಮುದುಕರು ವಾಪಸು ಬರುವುದಿಲ್ಲ ಎಂಬುದೊಂದು. ಕಣ್ಣು ಹೋಗುವುದು ಹಿಂದಿನ ಜನ್ಮದ ಕರ್ಮ, ಅದನ್ನು ಉಂಡೇ ತೀರಿಸಬೇಕು ಎಂಬುದೊಂದು. ಕೊಯ್ಯಿಸಿಕೊಂಡ ದೇಹ ಮಣ್ಣಿಗೆ ಹೋಗುವಾಗ ಪೂರ್ತಿ ಇರಬೇಡವೇ ಎಂಬುದು ಇನ್ನೊಂದು. ಹೆಂಗಸರ ವಿಚಾರದಲ್ಲಂತೂ ಮಾತೇ ಬೇರೆ. ಊರು ಹೋಗು ಎನ್ನುವ, ಕಾಡು ಬಾ ಎನ್ನುವ ವಯಸ್ಸಿನಲ್ಲಿ ಮುದುಕಿಗೆ ಕಣ್ಣು ಯಾಕೆ, ಮೂಲೆಯಲ್ಲಿ ಕೂತರೆ ಸೊಸೆ ಮುದ್ದೆ ಕೊಡುವುದಿಲ್ಲವೇ ಎಂದು ಮುಗಿಸುತ್ತಿದ್ದರು. ಬೆಂಗಳೂರಿನಲ್ಲಿ ಮಿಂಟೊ ಕಣ್ಣಾಸ್ಪತ್ರೆ ನೂರು ವರ್ಷದಿಂದ ಇದೆ. ನಮ್ಮೂರಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಆದರೂ ನಮ್ಮ ಅಜ್ಜಿಯಂಥವರಿಗೆ ಅದು ಕಾಶಿಗಿಂತ ದೂರ.

ಮೋದಿಯವರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ಅವರು ಜನ ಬರಲಿ ಎಂದು ಆಸ್ಪತ್ರೆಯಲ್ಲಿ ಕಾಯಲಿಲ್ಲ, ಆಸ್ಪತ್ರೆಯನ್ನೇ ಊರಿಗೆ ತಂದರು. ಶಾಲೆಯ ಕೊಠಡಿ, ಛತ್ರ, ದೇವಸ್ಥಾನದ ಪಡಸಾಲೆ ಶಿಬಿರವಾಗುತ್ತಿದ್ದವು. ಇಂಥ ಶಿಬಿರ ನಡೆಯುವುದೆಂದರೆ ಊರಿನ ಒಂದು ಜಾತ್ರೆಯ ಹಾಗೆ. ಒಬ್ಬರು ಅಕ್ಕಿ ಕೊಡುವರು, ಒಬ್ಬರು ರಾಗಿ, ಮತ್ತೊಬ್ಬರು ಸೌದೆ. ಹುಡುಗರು ನೀರು ಹೊರುವರು. ಗಾಡಿಗಳಲ್ಲಿ, ಮಕ್ಕಳ ಹೆಗಲ ಮೇಲೆ, ಕೋಲು ಹಿಡಿದುಕೊಂಡು ಮುದುಕರು ಬರುವರು. ಮೊದಲು ಎಲ್ಲರ ಕಣ್ಣಿನ ಪರೀಕ್ಷೆ. ಶಸ್ತ್ರಚಿಕಿತ್ಸೆ ಬೇಕಾದವರನ್ನು ಆರಿಸಿ, ಕಣ್ಣಿಗೆ ಹನಿ ಹಾಕಿ, ರೆಪ್ಪೆಯ ಕೂದಲು ಕತ್ತರಿಸಿ, ಮರಗಟ್ಟುವ ಚುಚ್ಚುಮದ್ದು ಕೊಟ್ಟು ಸಿದ್ಧ ಮಾಡುವುದು ಸಹಾಯಕರ ಕೆಲಸ. ಸಾಲಾಗಿ ಮೇಜುಗಳು. ವೈದ್ಯರು ಒಂದು ಮೇಜಿನ ಕೆಲಸ ಮುಗಿಸಿ ಪಕ್ಕದ ಮೇಜಿಗೆ ತಿರುಗುವಷ್ಟರಲ್ಲಿ ಅಲ್ಲಿ ಮತ್ತೊಬ್ಬರು ಸಿದ್ಧವಾಗಿ ಮಲಗಿರುತ್ತಿದ್ದರು. ಪಟ್ಟಿ ಕಟ್ಟಿಸಿಕೊಂಡವರು ಚಾಪೆಯ ಮೇಲೆ ಸಾಲಾಗಿ ಮಲಗಿ, ತಲೆ ಅಲ್ಲಾಡಿಸದೆ ದಿನಗಳನ್ನು ಕಳೆಯಬೇಕು. ಆಮೇಲೆ ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಕೊಟ್ಟು ಕಳಿಸುತ್ತಿದ್ದರು.

ಇದರಲ್ಲಿ ವೇಗ ಒಂದೇ ಮುಖ್ಯವಲ್ಲ. ಎಲ್ಲವೂ ಊರವರ ಕಣ್ಣೆದುರೇ ನಡೆಯುತ್ತಿತ್ತು ಎಂಬುದು ಮುಖ್ಯ. ಬಾಗಿಲ ಹಿಂದೆ ಏನು ನಡೆಯುತ್ತದೋ ಎಂಬ ಹೆದರಿಕೆಗೆ ಅಲ್ಲಿ ಜಾಗವಿರಲಿಲ್ಲ. ಪಕ್ಕದ ಚಾಪೆಯಲ್ಲಿ ಮಲಗಿದವರು ಗೊತ್ತಿದ್ದವರು, ಪಕ್ಕದ ಊರಿನವರು, ಬೀಗರ ಕಡೆಯವರು. ಒಬ್ಬರು ಹೆದರಿದರೆ ಇನ್ನೊಬ್ಬರು ಧೈರ್ಯ ಹೇಳುವರು. ಒಂಟಿಯಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಲು ನಡುಗುವ ಕಾಲು ನೂರು ಜನರ ಜೊತೆ ನಡುಗುವುದಿಲ್ಲ. ಭಾಷಣ ಮಾಡಿ ಮೂಢನಂಬಿಕೆ ಬಿಡಿಸುವುದಕ್ಕಿಂತ ಹೀಗೆ ಬಿಡಿಸುವುದು ಸುಲಭ ಎಂದು ಮೋದಿಯವರ ಕೆಲಸ ತೋರಿಸಿಕೊಟ್ಟಿತು.

ಅವರ ಕೆಲಸದ ಲೆಕ್ಕ ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಸೇರಿದೆ. ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಚಿಕಿತ್ಸೆಗಳನ್ನು ಅವರು ಮಾಡಿದ್ದರು. 1993ರ ಫೆಬ್ರವರಿಯ ಹೊತ್ತಿಗೆ ಅವರು ಭೇಟಿ ಕೊಟ್ಟ ಹಳ್ಳಿಗಳು 46,120. ನೋಡಿದ ರೋಗಿಗಳು 1,21,18,630. ಮಾಡಿದ ಶಸ್ತ್ರಚಿಕಿತ್ಸೆಗಳು 6,10,564. ನಾನು ಪ್ರಾಥಮಿಕ ಶಾಲೆಯ ಮೇಡಂ ಆದ್ದರಿಂದ ಈ ಅಂಕಿಗಳನ್ನು ಐದನೇ ತರಗತಿಯ ಮಕ್ಕಳಿಗೆ ಭಾಗಾಕಾರಕ್ಕೆ ಕೊಟ್ಟಿದ್ದೇನೆ. ಐವತ್ತು ವರ್ಷಕ್ಕೆ ಹಂಚಿದರೆ, ಭಾನುವಾರ ಹಬ್ಬ ಯಾವುದೂ ಬಿಡದೆ ದಿನಕ್ಕೆ 33 ಶಸ್ತ್ರಚಿಕಿತ್ಸೆಗಳಾಗುತ್ತವೆ. ಕರ್ನಾಟಕದಲ್ಲಿರುವ ಹಳ್ಳಿಗಳೆಲ್ಲ ಸೇರಿ 30 ಸಾವಿರವಿಲ್ಲ. ಅವರು ನಮ್ಮ ನಾಡನ್ನು ದಾಟಿಯೂ ತಿರುಗಿದ್ದಾರೆಂಬುದು ಇದರಿಂದಲೇ ತಿಳಿಯುತ್ತದೆ.

ಆದರೆ ನನಗೆ ಬಹಳ ಹಿಡಿಸಿದ್ದು ಬೇರೆ ಒಂದು ಲೆಕ್ಕ. ನೋಡಿದವರ ಸಂಖ್ಯೆಗೂ ಕತ್ತಿ ಹಿಡಿದ ಸಂಖ್ಯೆಗೂ ಇರುವ ಅಂತರ ನೋಡಿ. ಇಪ್ಪತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಶಸ್ತ್ರಚಿಕಿತ್ಸೆ. ಉಳಿದ ಹತ್ತೊಂಬತ್ತು ಜನ ಕತ್ತಿಯನ್ನು ಕಾಣದೆ ಮನೆಗೆ ಹೋದರು. ಡಾಕ್ಟರ ಹತ್ತಿರ ಹೋದರೆ ಕೊಯ್ದೇ ಕಳಿಸುತ್ತಾರೆ ಎಂದು ಹೆದರುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇನ್ನು ನನ್ನ ಅಜ್ಜಿಯ ವಿಷಯ. ಅವಳಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಹಳೆಯ ಪದ್ಧತಿಯಲ್ಲಿ ಪೊರೆ ಹಣ್ಣಾದ ಮೇಲೆ ತೆಗೆಯುವುದು ಸುಲಭವೆಂದು ವೈದ್ಯರೇ ಕಾಯಲು ಹೇಳುತ್ತಿದ್ದ ಕಾಲ. ಅಜ್ಜಿಗೆ ಅದೇ ನೆಪವಾಯಿತು. ಹಣ್ಣಾಗಲಿ, ಹಣ್ಣಾಗಲಿ ಎನ್ನುತ್ತಾ ಐದು ವರ್ಷ ತಳ್ಳಿದಳು. ಮನೆದೇವರಿಗೆ ಬೆಳ್ಳಿಯ ಕಣ್ಣು ಒಪ್ಪಿಸುವ ಹರಕೆ ಹೊತ್ತಳು. ಕೊನೆಗೆ ಒಂದು ಮಳೆಗಾಲದಲ್ಲಿ ಎಡಗಣ್ಣು ಕೆಂಡದ ಹಾಗೆ ಕೆಂಪಾಗಿ, ತಲೆ ಸಿಡಿಯುವ ನೋವು ಬಂತು. ಮೂರು ದಿನ ಗೋಡೆಗೆ ತಲೆ ಒತ್ತಿಕೊಂಡು ಕೂತಿದ್ದಳು. ನೋವು ಇಳಿಯಿತು, ಆ ಕಣ್ಣಿಗೆ ಹಗಲು ರಾತ್ರಿ ಒಂದೇ ಆಯಿತು. ಪೊರೆ ಅತಿಯಾಗಿ ಮಾಗಿದರೆ ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತದೆ, ಆ ಮೇಲೆ ಯಾವ ವೈದ್ಯರೂ ಅದನ್ನು ತರಲಾರರು ಎಂದು ನಮಗೆ ತಿಳಿದದ್ದು ಎಷ್ಟೋ ದಿನಗಳ ನಂತರ. ಅಜ್ಜಿಯ ಎಡಗಣ್ಣನ್ನು ಯಾವ ಕತ್ತಿಯೂ ಮುಟ್ಟಿರಲಿಲ್ಲ. ಅದನ್ನು ತೆಗೆದದ್ದು ಕತ್ತಿಯ ಭಯ.

ಆಗ ನಾನು ನಮ್ಮ ಈ ಶಾಲೆಯಲ್ಲಿ ಒಂಬತ್ತನೇ ತರಗತಿ. 1987ನೇ ಇಸವಿ. ಬೆಂಗಳೂರು ಗ್ರಾಮಾಂತರ ಎಂದು ನಮ್ಮ ಜಿಲ್ಲೆ ಬೇರೆಯಾಗಿ ಒಂದು ವರ್ಷವಾಗಿತ್ತು. ವಿಜ್ಞಾನದ ಮೇಷ್ಟ್ರು ಕಣ್ಣಿನ ಪಾಠ ಮಾಡುತ್ತಾ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು, ಒಂದು ಭೂತಗನ್ನಡಿಯ ಮೇಲೆ ಸುಣ್ಣದ ನೀರು ಸವರಿ ಮೇಣದಬತ್ತಿಯ ಮುಂದೆ ಹಿಡಿದು ತೋರಿಸಿದರು. ಗೋಡೆಯ ಮೇಲೆ ಬೀಳಬೇಕಾದ ದೀಪದ ಚಿತ್ರ ಕಾಣಲೇ ಇಲ್ಲ. ಸುಣ್ಣ ಒರೆಸಿದ ಮೇಲೆ ಕಂಡಿತು. ನಾನು ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಅಜ್ಜಿ ಕೇಳಿಸಿಕೊಂಡಳು, ಒಪ್ಪಲಿಲ್ಲ. ಅಪ್ಪ ಹೇಳಿದರು, ಒಪ್ಪಲಿಲ್ಲ. ಇರುವ ಒಂದು ಕಣ್ಣನ್ನೂ ಕಳೆಯುತ್ತೀರಾ ಎಂದು ದೊಡ್ಡಪ್ಪ ಅಪ್ಪನ ಮೇಲೆ ರೇಗಿದರು.

ಒಪ್ಪಿಸಿದವರು ಕೆಳಗಿನ ಬೀದಿಯ ಒಬ್ಬ ಅಜ್ಜಿ. ಅವರು ಯಾವುದೋ ಊರಿನ ಶಿಬಿರದಲ್ಲಿ ಕಣ್ಣು ಮಾಡಿಸಿಕೊಂಡು ಬಂದು ಎರಡು ವರ್ಷವಾಗಿತ್ತು. ಒಂದು ಸಂಜೆ ನಮ್ಮ ಜಗುಲಿಗೆ ಬಂದು ಅವರೆಕಾಯಿ ಸುಲಿಯುತ್ತಾ ಕೂತರು. ಹುಳುಕು ಕಾಳನ್ನು ಆರಿಸಿ ಆರಿಸಿ ಪಕ್ಕಕ್ಕೆ ಹಾಕುತ್ತಿದ್ದರು. ನನ್ನ ಅಜ್ಜಿ ಮೆಲ್ಲಗೆ ಹತ್ತಿರ ಸರಿದು, ಅವರ ಕನ್ನಡಕ ತೆಗೆಸಿ, ರೆಪ್ಪೆಯ ಮೇಲೆ ಬೆರಳಿಟ್ಟು ಸವರಿ ನೋಡಿದಳು. ಕಣ್ಣುಗುಡ್ಡೆ ಇದ್ದ ಜಾಗದಲ್ಲೇ ಇತ್ತು. ಬೆಚ್ಚಗಿತ್ತು, ಅಲ್ಲಾಡುತ್ತಿತ್ತು. ಅಜ್ಜಿ ಏನೂ ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ, ಯಾವತ್ತು ಹೋಗುವುದು ಎಂದು ಅಪ್ಪನನ್ನು ಕೇಳಿದಳು.

ಆ ಹೊತ್ತಿಗೆ ಮೋದಿಯವರು ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಬದಿಯಲ್ಲಿ ತಮ್ಮದೇ ಕಣ್ಣಿನ ಆಸ್ಪತ್ರೆ ಕಟ್ಟಿದ್ದರು. ತುಮಕೂರು ರಸ್ತೆಯ ಬಸ್ಸಿನಲ್ಲಿ ಯಶವಂತಪುರದಲ್ಲಿ ಇಳಿದು ಆಟೋ ಹಿಡಿದು ಹೋದೆವು. ಅಂಗಳದ ತುಂಬ ನಮ್ಮಂಥ ಜನ. ತಲೆಗೆ ಟವೆಲ್ ಸುತ್ತಿದ ರೈತರು, ಸೆರಗು ಹೊದ್ದ ಮುದುಕಿಯರು, ಬುತ್ತಿ ಗಂಟುಗಳು. ಅದನ್ನೆಲ್ಲ ನಾನು ವಿವರಿಸಿ ಹೇಳಿದ ಮೇಲೆ ಅಜ್ಜಿಯ ಹಿಡಿತ ಸ್ವಲ್ಪ ಸಡಿಲವಾಯಿತು. ಅಲ್ಲಿಯವರೆಗೆ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಅಜ್ಜಿಗೆ ಶಸ್ತ್ರಚಿಕಿತ್ಸೆ ಮಾಡಿದವರು ಆಸ್ಪತ್ರೆಯ ಒಬ್ಬ ಕಿರಿಯ ವೈದ್ಯರು. ಆದರೆ ಮೋದಿ ಡಾಕ್ಟರೇ ಸ್ವತಃ ಮಾಡಿದರೆಂದು ಅವಳು ಸಾಯುವವರೆಗೂ ಹೇಳಿದಳು. ನಾವು ಯಾರೂ ತಿದ್ದಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಸೋಡಾಬುಡ್ಡಿ ಕನ್ನಡಕ ಬಂತು. ಮಸೂರ ತೆಗೆದ ಕಣ್ಣಿಗೆ ಆ ದಪ್ಪ ಗಾಜಿನಲ್ಲಿ ವಸ್ತುಗಳು ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಹಾಗಾಗಿ ಮೊದಲ ಒಂದು ತಿಂಗಳು ಅಜ್ಜಿ ಲೋಟಕ್ಕೆ ನೀರು ಹುಯ್ದರೆ ನೆಲಕ್ಕೆ ಬೀಳುತ್ತಿತ್ತು. ಹೊಸಿಲು ದಾಟುವಾಗ ಕಾಲನ್ನು ಮೊಳದೆತ್ತರ ಎತ್ತುತ್ತಿದ್ದಳು. ಆಮೇಲೆ ರೂಢಿಯಾಯಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವನ್ನು ಅಮ್ಮನ ಕೈಯಿಂದ ಕಿತ್ತುಕೊಂಡಳು. ಅವಳು ಅದಕ್ಕಿಂತ ಹೆಚ್ಚಿಗೆ ಮಾಡಿದ್ದೆಂದರೆ, ಜಗುಲಿಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಕರೆದು ಕಣ್ಣು ಮುಟ್ಟಿ ನೋಡಿಸಿದ್ದು. ಹೋದ ಎಡಗಣ್ಣನ್ನೂ ತೋರಿಸುತ್ತಿದ್ದಳು. ಇದು ಹೆದರಿದ ಕಣ್ಣು, ಇದು ಹೆದರದ ಕಣ್ಣು ಎಂದು ವಿವರಿಸುತ್ತಿದ್ದಳು. ಮುಂದಿನ ಮೂರು ವರ್ಷದಲ್ಲಿ ನಮ್ಮ ಬೀದಿಯಿಂದಲೇ ಏಳು ಜನ ಹೋಗಿ ಬಂದರು. ದೊಡ್ಡಪ್ಪನೂ ಅವರಲ್ಲಿ ಒಬ್ಬರು.

ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಜನ ಕೊಟ್ಟ ಬಿರುದು ಕಣ್ಣು ಕೊಟ್ಟ ಅಣ್ಣ ಎಂಬುದು. 2005ರ ನವೆಂಬರ್ 11ರಂದು, ತಮ್ಮ 89ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಆಸ್ಪತ್ರೆಯ ಮುಂದಿನ ರಸ್ತೆಯನ್ನು ಇಂದಿಗೂ ಮೋದಿ ಆಸ್ಪತ್ರೆ ರಸ್ತೆ ಎಂದೇ ಕರೆಯುತ್ತಾರೆ.

ಅವರು ಕೆಲಸ ಮಾಡಿದ ರೀತಿ ಇಂದು ಹಾಗೆಯೇ ಉಳಿದಿಲ್ಲ, ಉಳಿಯಬೇಕಾಗಿಯೂ ಇಲ್ಲ. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಶಾಲೆಯ ಕೊಠಡಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೆ ಸೋಂಕಿನ ಅಪಾಯ ಹೆಚ್ಚು ಎಂಬ ಕಾರಣಕ್ಕೆ, ಈಗ ಊರಿನಲ್ಲಿ ತಪಾಸಣೆ ಮಾತ್ರ ಮಾಡಿ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೇ ಕರೆದೊಯ್ಯುತ್ತಾರೆ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೂರಿಸಿ ತೋರಿಸಿದ ಕೃತಕ ಮಸೂರ ಈಗ ನಮ್ಮ ಹಳ್ಳಿಯವರಿಗೂ ಸಿಗುತ್ತಿದೆ. ಸೋಡಾಬುಡ್ಡಿ ಕನ್ನಡಕ ಬೇಡ, ಹಣ್ಣಾಗುವವರೆಗೆ ಕಾಯುವುದೂ ಬೇಡ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಪದ್ಧತಿ ಬದಲಾಗಿದೆ. ಜನರಿಗೆ ಧೈರ್ಯ ಬಂದದ್ದು ಮಾತ್ರ ಆ ಹಳೆಯ ಶಿಬಿರಗಳಿಂದ.

ಇನ್ನು ಎರಡನೇ ಕಾರಣ. ಮೂರು ವರ್ಷದ ಹಿಂದೆ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಮಕ್ಕಳಿಗೆ ಪಾಠ ಹೇಳುವ ನಾನು, ಅಜ್ಜಿಯ ಎಡಗಣ್ಣನ್ನು ಕಂಡಿದ್ದ ನಾನು, ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಕೊಯ್ಯಿಸಿಕೊಂಡರೆ ಊರವರು ಏನನ್ನುತ್ತಾರೆ, ಮಗಳ ಮದುವೆಗೆ ತೊಂದರೆಯಾದೀತೇ ಎಂದು ಯೋಚಿಸಿದೆ. ಒಂದು ದಿನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತಿದ್ದಾಗ ಅಜ್ಜಿಯ ನೆನಪಾಯಿತು. ಹಣ್ಣಾಗಲಿ ಎಂದು ನಾನೂ ಕಾಯುತ್ತಿದ್ದೇನಲ್ಲ ಎನ್ನಿಸಿತು. ಮರುದಿನವೇ ಯಜಮಾನರಿಗೆ ಹೇಳಿ ಆಸ್ಪತ್ರೆಗೆ ಹೋದೆ. ಅದು ಕ್ಯಾನ್ಸರೇ ಆಗಿತ್ತು. ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು, ಮುಂದಿನ ಚಿಕಿತ್ಸೆಯೂ ಮುಗಿಯಿತು. ಈಗ ಶಾಲೆಗೆ ಹೋಗಿ ಬರುತ್ತಿದ್ದೇನೆ.

ಊರವರೆಲ್ಲ ಓದುವ ಪುಸ್ತಕದಲ್ಲಿ ಇದನ್ನು ಬರೆಯಬೇಕೇ ಎಂದು ಮನೆಯಲ್ಲಿ ಕೇಳಿದರು. ಬರೆಯಬೇಕು ಎಂದೆ. ಕೆಳಗಿನ ಬೀದಿಯ ಆ ಅಜ್ಜಿ ತಮ್ಮ ಕಣ್ಣನ್ನು ಮುಚ್ಚಿಟ್ಟುಕೊಂಡಿದ್ದರೆ ನನ್ನ ಅಜ್ಜಿ ಬಸ್ಸು ಹತ್ತುತ್ತಿರಲಿಲ್ಲ. ಅಜ್ಜಿ ಮುಚ್ಚಿಟ್ಟಿದ್ದರೆ ನಮ್ಮ ಬೀದಿಯ ಏಳು ಜನ ಹೋಗುತ್ತಿರಲಿಲ್ಲ. ಮೋದಿಯವರು ಆರು ಲಕ್ಷ ಜನರಿಗೆ ಕಣ್ಣು ಕೊಟ್ಟರು. ಊರಿಗೆ ಮರಳಿದ ಒಬ್ಬೊಬ್ಬರೂ ಇನ್ನೂ ನಾಲ್ಕು ಜನರ ಹೆದರಿಕೆ ತೆಗೆದರು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೇ, ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿ ಯಾರಾದರೂ ಹಣ್ಣಾಗಲಿ ಎಂದು ಕಾಯುತ್ತಿದ್ದರೆ, ಏನನ್ನಾದರೂ ಮುಚ್ಚಿಟ್ಟುಕೊಂಡು ಕೂತಿದ್ದರೆ, ಅವರನ್ನು ನನ್ನ ಹತ್ತಿರ ಕಳಿಸಿಕೊಡಿ. ನಾನು ಬೈಯುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಅವರೆಕಾಯಿ ಕಾಲವಾದರೆ ಒಂದು ಮೊರ ಕಾಯಿ ಮುಂದಿಟ್ಟುಕೊಂಡು ಜಗುಲಿಯಲ್ಲಿ ಕೂತು ಮಾತಾಡೋಣ. ಕಣ್ಣಿನ ಪಾಠ ಹೇಳಿಕೊಟ್ಟ ಈ ಶಾಲೆಗೂ, ಕಣ್ಣು ಕೊಟ್ಟ ಆ ಮಹಾನುಭಾವರಿಗೂ ನನ್ನ ನಮಸ್ಕಾರ.